ಹೊಲಿಗೆ ಮಷಿನ್ನಿನ ಬಲಗಡೆಯ ಖಾನೆ

ನನ್ನ ಹೊಲಿಗೆ ಮಷಿನ್ನಿಗೆ ಎಡಕ್ಕೊಂದು, ಬಲಕ್ಕೊಂದು ಖಾನೆ ಇವೆ. ಎಡಗಡೆಯದರಲ್ಲಿ ಬಾಬಿನ್ನು, ಹುಕ್ಕು, ಸೀಮೆಸುಣ್ಣದ ತುಂಡು ಮತ್ತು ನನ್ನ ಕತ್ತರಿ. ಗಂಗಾವತಿಯ ನಮ್ಮ ಓಣಿಯಲ್ಲಿ ಯಾರಾದರೂ ಬಂದು ಮೂಟೆ ಹೊರಲು ಒಂದು ದಿನದ ಮಟ್ಟಿಗೆ ನನ್ನ ಗಂಡನನ್ನು ಎರವಲು ಕೇಳಿದರೆ ಕೊಟ್ಟೇನು. ಕತ್ತರಿಯನ್ನು ಮಾತ್ರ ಕೊಡುವುದಿಲ್ಲ. ಕೊಟ್ಟರೆ ಅದರಲ್ಲಿ ಕಾಗದ ಕತ್ತರಿಸುತ್ತಾರೆ, ಹಾಲಿನ ಪಾಕೀಟು ಕತ್ತರಿಸುತ್ತಾರೆ, ಒಮ್ಮೆ ಒಬ್ಬಾಕೆ ಕೊತ್ತಂಬರಿಯನ್ನೂ ಕತ್ತರಿಸಿದ್ದಳು. ಹಾಗೆ ಊರಾಡಿ ಬಂದ ಕತ್ತರಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಹತ್ತು ಕೈ ತಿರುಗಿದ ಮೊನೆಯನ್ನು ನಂಬಬಾರದೆಂಬುದು ಏಳನೆಯ ತರಗತಿಗೇ ಸಾಲೆ ಬಿಟ್ಟ ನಾನು ಕಲಿತ ದೊಡ್ಡ ವಿದ್ಯೆ. ಆ ವಿದ್ಯೆ ನನ್ನ ತಮ್ಮನ ವಿಷಯದಲ್ಲಿ ಮಾತ್ರ ನೆನಪಿಗೆ ಬರಲಿಲ್ಲ.

ತಮ್ಮ ಬಸವರಾಜ ಅಕ್ಕಿ ಗಿರಣಿಯಲ್ಲಿ ಹಮಾಲ. ನಾಲ್ಕು ವರ್ಷದ ಹಿಂದೆ ಅವನ ಸೊಂಟ ಹಿಡಿದಾಗ, ಬರೀ ಗುಳಿಗೆ ಬರೆದುಕೊಟ್ಟ ಡಾಕ್ಟರನ್ನು ಡಾಕ್ಟರೇ ಅಲ್ಲವೆಂದು ತೀರ್ಮಾನಿಸಿ, "ಬ್ಯಾರೆ ಕಡೆ ಹೋಗಿ ಒಂದು ಸೂಜಿ ಮಾಡಿಸ್ಕೊಂಡ್ ಬಾರೋ" ಎಂದು ಕಳಿಸಿದವಳು ನಾನೇ. ನಮ್ಮ ಕಡೆ ಸೂಜಿ ಚುಚ್ಚದ ವೈದ್ಯನಿಗೆ ಉಪ್ಪು ಹಾಕದ ಸಾರಿನಷ್ಟೇ ಮರ್ಯಾದೆ. ಸೊಂಟನೋವು ಅವನನ್ನು ಬಿಟ್ಟಿತು, ಸೂಜಿ ಬಿಡಲಿಲ್ಲ. ನೋವಿನ ಮದ್ದು ನಶೆಯ ಮದ್ದಾಗಿ, ಕೊನೆಗೆ ತಾನೇ ತೋಳಿಗೆ ಚುಚ್ಚಿಕೊಳ್ಳುವುದನ್ನು ಕಲಿತ.

ಒಂದು ದಿನ ಅವನ ಚೀಲದಲ್ಲಿ ಹೊಸ ಸಿರಿಂಜುಗಳ ಪೊಟ್ಟಣ ಸಿಕ್ಕಿತು. ಕೊಟ್ಟವನು ಮೈಬೂಬ. ಒಂದು ಕಾಲಕ್ಕೆ ತಾನೂ ಚುಚ್ಚಿಕೊಳ್ಳುತ್ತಿದ್ದವನು, ಈಗ ಒಂದು ಸಂಸ್ಥೆಯ ಕೆಲಸಕ್ಕೆ ಸೇರಿ, ಹಳೆ ಸೀರೆಗೆ ಸ್ಟೀಲ್ ಡಬರಿ ಕೊಡುವವರಂತೆ, ಹಳೆಯ ಸೂಜಿ ಇಸಿದುಕೊಂಡು ಹೊಸದು ಕೊಡುತ್ತ ತಿರುಗುತ್ತಿದ್ದ. ನನಗೆ ನೆತ್ತಿಗೇರಿತು. ಬಸವರಾಜನಿಗೆ ಒಂದು ಮಾತೂ ಹೇಳದೆ ಪೊಟ್ಟಣವನ್ನು ಮಷಿನ್ನಿನ ಬಲಗಡೆಯ ಖಾನೆಗೆ ಹಾಕಿ, ಕೀಲಿ ಜಡಿದು, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಮ್ಮನ ಚಟವನ್ನೇ ಕೀಲಿ ಹಾಕಿದಷ್ಟು ಸಮಾಧಾನವಾಯಿತು.

ಆ ಸಮಾಧಾನ ಒಂದು ದಿನವೂ ಉಳಿಯಲಿಲ್ಲ. ದಾರದ ಉಂಡೆ ಹುಡುಕಲು ಆ ಖಾನೆ ತೆಗೆದಾಗ, ಬ್ಲೌಸಿನ ಅಳತೆ ಕೊಡಲು ಬಂದಿದ್ದ ಪಕ್ಕದ ಓಣಿಯ ಗಂಗವ್ವ ಇಣುಕಿ ನೋಡಿದಳು.

"ಯವ್ವಾ ಸಾವಿತ್ರಿ, ನೀ ಸೂಜಿನೂ ಮಾಡ್ತೀಯೇನ? ಹೇಳೂದಲ್ಲೇನ! ನನ್ನ ಮೊಣಕಾಲಿಗೆ ಒಂದು ಹಾಕಿಬಿಡು, ಬ್ಲೌಜ್ ಮುಂದಿನ ವಾರ ಆದ್ರೂ ನಡೀತೈತಿ."

ಅಲ್ಲವೆಂದರೆ ನಂಬಲಿಲ್ಲ. ಮರುದಿನ ಇನ್ನಿಬ್ಬರು ಮುದುಕಿಯರು ಸೊಂಟ ಹಿಡಿದುಕೊಂಡು ಬಂದು ನನ್ನ ಕಟ್ಟೆಯ ಮೇಲೆ ಕುಳಿತರು. ಹದಿನೈದು ವರ್ಷ ಹೊಲಿದರೂ ಸಿಗದ ಗೌರವ ನನಗೆ ಎರಡೇ ದಿನದಲ್ಲಿ ಸಿಕ್ಕಿತು.

ನಾಲ್ಕನೆಯ ದಿನ ಮೈಬೂಬ ಬಂದ. ಅವನ ಚೀಲದ ಪಟ್ಟಿಯ ದಾರ ಬಿಚ್ಚಿ ಜೋತಾಡುತ್ತಿತ್ತು. "ಅಕ್ಕಾರ, ಕತ್ತರಿ ಕೊಡ್ರಿ ಒಂಚೂರು" ಎಂದ.

"ಕತ್ತರಿ ಯಾರಿಗೂ ಕೊಡಂಗಿಲ್ಲ. ಮೊದಲ ಇದನ್ನ ಹೇಳು, ಕುಡಿಯೋರಿಗೆ ಗ್ಲಾಸ್ ತೊಳದು ಕೊಟ್ಟಂಗಾತಲ್ಲೋ ನಿನ್ನ ಸೇವಾ! ನಾ ಎಲ್ಲಾ ಕೀಲಿ ಹಾಕೀನಿ. ಸೂಜಿನ ಇಲ್ಲಂದ್ರ ಹೆಂಗ ಚುಚ್ಕೊಂತಾನ?"

ಮೈಬೂಬ ವಾದ ಮಾಡಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, ಸ್ಟೂಲಿನ ಮೇಲೆ ಕುಳಿತು ಮೆಲ್ಲಗೆ ಹೇಳಿದ: "ಸೂಜಿ ಇಲ್ಲಂದ್ರ ಬಿಡಂಗಿಲ್ರಿ ಅಕ್ಕಾರ, ಮಂದಿ ಹತ್ರ ಇಸ್ಕೊಂತಾರ. ಮೊನ್ನೆ ಒಬ್ಬಾಂವ ಚುಚ್ಕೊಂಡದ್ದನ್ನ ಬಸು ಚುಚ್ಕೊಂಡಾನ. ನನ್ನ ಮುಂದ ಹೇಳ್ಯಾನ. ಆ ಸೂಜ್ಯಾಗ ಮೊದಲಿನಾಂವನ ರಕ್ತ ಇರ್ತೈತ್ರಿ. ಅವಗ ಎಚ್‌ಐವಿ ಇದ್ರ?"

ಕತ್ತರಿ ನನ್ನ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅಂದೇ ಬಸವರಾಜನೂ ನಾನೂ ಕೊಪ್ಪಳದ ಆಸ್ಪತ್ರೆಗೆ ಬಸ್ಸು ಹಿಡಿದೆವು. ರಕ್ತ ತಪಾಸಣೆ ಮಾಡಿದರು, ಏನೂ ಕಾಣಲಿಲ್ಲ. ಆದರೆ ಇಷ್ಟು ಬೇಗ ಕಾಣದೆಯೂ ಇರಬಹುದು, ಮೂರು ತಿಂಗಳ ಮೇಲೆ ಮತ್ತೆ ನೋಡಬೇಕು ಎಂದರು. ಎರಡೇ ದಿನದಲ್ಲಿ ಬಂದದ್ದು ಒಳ್ಳೆಯದಾಯಿತೆಂದು, ಸೋಂಕು ತಗುಲದಂತೆ ತಪ್ಪದೆ ಒಂದು ತಿಂಗಳು ನುಂಗಲು ಗುಳಿಗೆ ಕೊಟ್ಟರು. ಬರೀ ಗುಳಿಗೆ ಕೊಟ್ಟ ಡಾಕ್ಟರಿಗೆ ನಾನು ಜೀವನದಲ್ಲಿ ಮೊದಲ ಬಾರಿಗೆ ಕೈ ಮುಗಿದೆ.

ಆ ಮೂರು ತಿಂಗಳು ನಾನು ಹೊಲಿದದ್ದನ್ನು ತೊಟ್ಟವರು ಕ್ಷಮಿಸಬೇಕು. ಗಂಗವ್ವನ ಬ್ಲೌಸಿಗೆ ಎರಡೂ ಎಡಗೈ ತೋಳು ಬಂದವು. ಬಟ್ಟೆಯ ಮೇಲೆ ಗೆರೆ ಎಳೆಯುವಾಗ ತಮ್ಮನ ತೋಳೇ ಕಣ್ಣಮುಂದೆ ಬರುತ್ತಿತ್ತು. ಅವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಪೊಟ್ಟಣ ಎಲ್ಲೋ ಬಿದ್ದುಹೋಯಿತೆಂದೇ ಅವನು ತಿಳಿದಿದ್ದಾನೆಂದುಕೊಂಡು ದಿನ ದೂಡಿದೆ.

ಎರಡನೆಯ ತಪಾಸಣೆಯಲ್ಲೂ ಸೋಂಕಿಲ್ಲವೆಂದು ಬಂತು. ತಿರುಗಿ ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಹೇಳಿಯೇಬಿಟ್ಟೆ: "ಬಸು, ಆ ಸೂಜಿ ನಾನ ಮುಚ್ಚಿಟ್ಟಿದ್ದೆ."

"ಗೊತ್ತೈತಿ ತಗೋ" ಎಂದ. "ನಿಮ್ಮಕ್ಕ ಮೊಣಕಾಲಿಗೆ ಸೂಜಿ ಯಾವತ್ತ ಮಾಡ್ತಾಳೋ ಅಂತ ಗಂಗವ್ವ ನನ್ನ ಕೇಳಿದ್ಲು."

"ಮತ್ತ್ಯಾಕ ನನ್ನ ಕೇಳಲಿಲ್ಲ?"

"ಕತ್ತರಿ ಕೊಡದಾಕಿ ಸೂಜಿ ಕೊಡ್ತಿದ್ಯೇನ?"

ನಾನು ನಕ್ಕೆ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಕಂಡಕ್ಟರನಿಗೆ ಏನೆಂದು ಅರ್ಥವಾಯಿತೋ.

ಕತ್ತರಿಯನ್ನು ನಾನು ಈಗಲೂ ಯಾರಿಗೂ ಕೊಡುವುದಿಲ್ಲ. ಆದರೆ ಬಲಗಡೆಯ ಖಾನೆಗೆ ಕೀಲಿಯಿಲ್ಲ. ಅದರಲ್ಲಿ ಮೈಬೂಬ ತಂದುಕೊಡುವ ಹೊಸ ಪೊಟ್ಟಣ ಯಾವಾಗಲೂ ಇರುತ್ತದೆ, ಬಸವರಾಜ ಬೇಕಾದಾಗ ನನ್ನನ್ನು ಕೇಳದೆ ತೆಗೆದುಕೊಳ್ಳಬಹುದು. ಈಚೆಗೆ ಅವನು ದಿನಾ ಬೆಳಿಗ್ಗೆ ಮೈಬೂಬನ ಜೊತೆ ಹೋಗಿ, ಚಟದ ಸೆಳೆತ ತಗ್ಗಿಸಲು ನಾಲಿಗೆಯ ಕೆಳಗಿಡುವ ಗುಳಿಗೆಯೊಂದನ್ನು ತೆಗೆದುಕೊಂಡು ಗಿರಣಿಗೆ ಹೋಗುತ್ತಾನೆ. ನಾನು ಬೆಳಿಗ್ಗೆ ಮಷಿನ್ನನ್ನು ಒರೆಸುವವಳು, ಪೆಡಲಿನ ಸಂದಿಯನ್ನೂ ಬಿಡುವವಳಲ್ಲ. ಆ ಪೊಟ್ಟಣದ ಮೇಲೆ ಮಾತ್ರ ಒಂದು ತಿಂಗಳಿಂದ ತೆಳ್ಳಗೆ ದೂಳು ಕೂತಿದೆ. ಅದನ್ನು ದಿನಾ ನೋಡುತ್ತೇನೆ, ಒರೆಸುವುದಿಲ್ಲ.