ಆನೆ ಎಣಿಸಿದ ಮೌಸ್

ಮೌಸ್ ಒಳ್ಳೆಯದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅದನ್ನು ಸ್ವಲ್ಪ ಬೈಯುವುದಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಸಿದ್ದಾಪುರದ ಹತ್ತಿರದ ಈ ಎಸ್ಟೇಟಿನಲ್ಲಿ ಮಂಡಿ ಸವೆಯುವವರೆಗೂ ಕಾಫಿ ಕುಯ್ದೆ. ಮಂಡಿ ಕೈಕೊಟ್ಟ ಮೇಲೆ ತೋಟದ ಯಜಮಾನಿ ನನ್ನನ್ನು ಆಫೀಸಿನ ಕಂಪ್ಯೂಟರ್ ಮುಂದೆ ಕೂರಿಸಿದರು. ತೋಟದ ಕೆರೆ ಬದಿಯ ಭಾಗವನ್ನು ಕೆರೆ ಬ್ಲಾಕು ಅನ್ನುತ್ತೇವೆ. ಅದರ ಬೇಲಿಯಲ್ಲಿ ಆನೆಗಳು ಮಾಡಿಕೊಂಡ ಎರಡು ಕಂಡಿಗಳಿವೆ, ಒಂದು ನೀರು ಹರಿಯುವ ತೋಡಿನ ಕಡೆ, ಒಂದು ರಸ್ತೆ ಕಡೆ. ಎಷ್ಟು ಸಲ ಮುಚ್ಚಿದರೂ ಅಲ್ಲೇ ತೆಗೆಯುತ್ತವೆ. ಎರಡಕ್ಕೂ ಕ್ಯಾಮೆರಾ ಇದೆ. ಹಿಂದಿನ ರಾತ್ರಿ ಎಷ್ಟು ಆನೆ ಒಳಗೆ ಬಂದವು, ಎಷ್ಟು ಹೊರಗೆ ಹೋದವು ಎಂದು ಬೆಳಿಗ್ಗೆ ಆರಕ್ಕೆ ಬಂದು ನೋಡಬೇಕು. ಎರಡೂ ಸರಿಹೋದರೆ ಮಾತ್ರ ಕುಯ್ಯುವ ಹೆಂಗಸರನ್ನು ಬ್ಲಾಕಿಗೆ ಬಿಡಬಹುದು. ಆನೆಯ ಬೆನ್ನಿಗೂ ಬಂಡೆಗೂ ವ್ಯತ್ಯಾಸ ತಿಳಿದವರು ಸಾಕು, ಇಂಗ್ಲಿಷ್ ಬೇಕಿಲ್ಲ.

ಎಣಿಸುವುದು ನನ್ನದೇ ರೀತಿ. ಒಂದು ಆನೆ ಒಳಗೆ ಬಂದರೆ ಮೇಜಿನ ಮೇಲೆ ಒಂದು ಕಾಫಿ ಹಣ್ಣು ಇಡುತ್ತೇನೆ. ಒಂದು ಹೊರಗೆ ಹೋದರೆ ಒಂದನ್ನು ತೆಗೆಯುತ್ತೇನೆ. ಮೇಜು ಖಾಲಿಯಾದರೆ ತೋಟವೂ ಖಾಲಿ.

ಮೊದಲಿದ್ದ ಮೌಸ್ ಅಗ್ಗದ್ದು. ಅದರ ಚಕ್ರ ಟಿಕ್ ಟಿಕ್ ಎಂದು ಒಂದೊಂದೇ ಹಲ್ಲು ತಿರುಗುತ್ತಿತ್ತು. ಚಕ್ರ ತಿರುಗಿಸಿದಷ್ಟೇ ಕ್ಯಾಮೆರಾದ ಚಿತ್ರ ಮುಂದೆ ಸರಿಯುವುದು; ಇಡೀ ರಾತ್ರಿಯದನ್ನು ಓಡಿಸುವಷ್ಟರಲ್ಲಿ ನನ್ನ ತೋರುಬೆರಳು ಬಾತುಕೊಳ್ಳುತ್ತಿತ್ತು. ಸತ್ಯ ಹೇಳುತ್ತೇನೆ, ಕೆಲವು ದಿನ ಮೂರು ಗಂಟೆಯವರೆಗೆ ನೋಡಿ ಉಳಿದದ್ದನ್ನು ಅಂದಾಜಿಗೆ ಬಿಟ್ಟಿದ್ದೇನೆ. ಯಜಮಾನಿ ನನ್ನ ಬೆರಳು ನೋಡಿದರು. ಹದಿನೈದು ದಿನದಲ್ಲಿ ವೈರ್ ಇಲ್ಲದ, ದುಬಾರಿ ಮೌಸ್ ಬಂತು.

ತೋಟದ ರೈಟರಿಗೆ ಹೊಟ್ಟೆ ಉರಿಯಿತು. ಹಾಜರಿ ಬರೆಯುವ ಅವರ ಕೈಯಲ್ಲಿ ಇನ್ನೂ ಹಳೆಯದೇ ಇತ್ತು. "ಅಜ್ಜೀ, ಇದು ಎಂಜಿನಿಯರ್‌ಗಳು ಇಟ್ಕೊಳೋ ಮೌಸು. ನೀವು ಆನೆ ಎಣಿಸೋಕೆ ಇದ್ಯಾಕೆ?" ಎಂದರು.

"ಎಂಜಿನಿಯರು ತಪ್ಪು ಮಾಡಿದ್ರೆ ಅಳಿಸಿ ಮತ್ತೆ ಬರೀತಾನೆ ರೈಟ್ರೇ. ನಾನು ತಪ್ಪು ಮಾಡಿದ್ರೆ, ಆನೆ ತುಳಿದೋರನ್ನ ಹ್ಯಾಗೆ ಅಳಿಸಿ ಬರೀಲಿ?" ಎಂದೆ.

ಅದರ ಗುಣ ಹೇಳುತ್ತೇನೆ. ಅಂಗೈ ಪೂರ್ತಿ ಅದರ ಬೆನ್ನ ಮೇಲೆ ಮಲಗುತ್ತದೆ, ಮಣಿಕಟ್ಟು ನೋಯುವುದಿಲ್ಲ. ಆಫೀಸಿನ ಮೇಜಿಗೆ ಗಾಜು ಹಾಸಿದೆ. ಹಳೆಯದಕ್ಕೆ ಕ್ಯಾಲೆಂಡರ್ ಹಾಳೆ ಹಾಸಬೇಕಿತ್ತು, ಇದು ಬರೀ ಗಾಜಿನ ಮೇಲೂ ನಡೆಯುತ್ತದೆ. ಒಂದು ಸಲ ಚಾರ್ಜ್ ಮಾಡಿದರೆ ಮರೆತೇ ಹೋಗುವಷ್ಟು ದಿನ ಬರುತ್ತದೆ. ಎಲ್ಲಕ್ಕಿಂತ ದೊಡ್ಡದು ಅದರ ಚಕ್ರ. ಒಮ್ಮೆ ಚಿಮ್ಮಿದರೆ ಗಿರ್ರನೆ ತಾನೇ ಸುತ್ತುತ್ತದೆ, ಒಂದು ಗಂಟೆಯ ಚಿತ್ರ ಕಣ್ಣಮುಂದೆ ಓಡಿಹೋಗುತ್ತದೆ.

ಈಗ ದೋಷ. ಕಲ್ಲಿನಷ್ಟು ಭಾರ. ಬಲಗೈಯವರಿಗೆ ಮಾತ್ರ ಮಾಡಿದ್ದಾರೆ, ಎಡಚರು ಏನು ಪಾಪ ಮಾಡಿದ್ದರೋ. ಹೆಬ್ಬೆರಳಿನ ಹತ್ತಿರ ಎರಡು ಗುಂಡಿಗಳಿವೆ, ಕೈ ಇಟ್ಟರೆ ತಾವೇ ಒತ್ತಿಕೊಂಡು ನೋಡುತ್ತಿದ್ದ ಚಿತ್ರವನ್ನೇ ಮುಚ್ಚಿಬಿಡುತ್ತವೆ. ಮೈಮೇಲಿನ ರಬ್ಬರ್ ಬೆವರಿಗೆ ಅಂಟಂಟಾಗುತ್ತದೆ. ಆ ಚಕ್ರವೂ ದೋಷವೇ: ನಿಲ್ಲಿಸಬೇಕೆಂದ ಕಡೆ ನಿಲ್ಲುವುದಿಲ್ಲ. ಬಂದ ಹೊಸತರಲ್ಲಿ ಒಮ್ಮೆ ಎರಡು ಆನೆಗಳನ್ನು ಹಾರಿಸಿಕೊಂಡೇ ಹೋಗಿತ್ತು. ಅವು ತಾವಾಗಿಯೇ ಹೊರಟುಹೋಗಿದ್ದರಿಂದ ಬಚಾವು.

ಅದಾದ ಮುಂದಿನ ವಾರವೇ ಆ ಬೆಳಿಗ್ಗೆ ಬಂತು. ತೋಡಿನ ಕಂಡಿಯಿಂದ ಐದು ಬೆನ್ನುಗಳು ಒಳಗೆ ಬಂದವು. ಐದು ಹಣ್ಣು ಇಟ್ಟೆ. ರಸ್ತೆ ಕಂಡಿಯಿಂದ ನಾಲ್ಕು ಹೋದವು. ತೋಡಿನ ಕಡೆ ಮತ್ತೆ ನೋಡಿದೆ, ಅಲ್ಲಿಂದ ಯಾವುದೂ ಹೋಗಿರಲಿಲ್ಲ. ಗಾಜಿನ ಮೇಲೆ ಒಂದು ಹಣ್ಣು ಉಳಿಯಿತು.

ಹೊರಗೆ ಪಾಲಿಬೆಟ್ಟದಿಂದ ಜೀಪಿನಲ್ಲಿ ಬಂದ ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿ ನಿಂತಿದ್ದರು. "ಬಿಡಬೇಡಿ. ಒಂದು ಒಳಗಿದೆ," ಎಂದು ರೈಟರಿಗೆ ಹೇಳಿದೆ.

ರೈಟರು ಬಗ್ಗಿ ಮೇಜು ನೋಡಿದರು. "ಆ ಚಕ್ರ ಹಾರಿಸ್ತದೆ ಅಂತ ನೀವೇ ಹೇಳಿದ್ರಲ್ಲ! ಐದನೇದು ನಡುವಲ್ಲಿ ಹೋಗಿರ್ತದೆ."

ಆ ಮಾತು ಸರಿಯಾಗಿಯೇ ಚುಚ್ಚಿತು, ಏಕೆಂದರೆ ಅದು ನಿಜವಿರಬಹುದಿತ್ತು. ಚಕ್ರದ ಹಿಂದೆ ಒಂದು ಸಣ್ಣ ಗುಂಡಿ ಇದೆ. ಅದನ್ನು ಒತ್ತಿದರೆ ಗಿರ್ರನೆ ಓಡುವುದು ನಿಂತು, ಹಳೆಯ ಮೌಸಿನ ಹಾಗೆ ಒಂದೊಂದೇ ಹಲ್ಲು ತಿರುಗುತ್ತದೆ. ಒತ್ತಿದೆ. ಮೊದಲಿನಿಂದ ಕೊನೆಯವರೆಗೆ ಎರಡೂ ಕಂಡಿಗಳ ಚಿತ್ರವನ್ನು ಬೆರಳಿನಿಂದ ಎಳೆದೆ. ಬೆರಳು ಬಾತುಕೊಂಡಿತು. ಹೊರಗಿನ ಬಿಸಿಲು ಮೆಟ್ಟಿಲು ಹತ್ತಿತು.

"ಪಾಟೀ, ನಿನ್ ಆನೆ ಟೀವಿ ಒಳಗೇ ಇರೋದು, ತೋಟದಲ್ಲಿಲ್ಲ!" ಎಂದು ಒಬ್ಬಳು ಕಿಟಕಿಯಿಂದ ಕೂಗಿದಳು. ಪಾಟಿ ಎಂದರೆ ಅವರ ತಮಿಳಿನಲ್ಲಿ ಅಜ್ಜಿ. ಉಳಿದವರು ನಕ್ಕರು.

"ಬಿಸಿಲು ಏರಿದ್ ಮೇಲೆ ನೀನು ಬಂದು ಕುಯ್ತೀಯಾ?" ಎಂದಳು ಇನ್ನೊಬ್ಬಳು.

"ಹಲ್ಲು ಕಿಸಿಯೋದು ಬಿಟ್ಟು ಕೂತ್ಕೊಳ್ರೇ," ಎಂದೆ.

ಎರಡನೇ ಸಲವೂ ಐದು ಒಳಗೆ, ನಾಲ್ಕು ಹೊರಗೆ. ಈಗ ಚಕ್ರದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ರೈಟರು ಬೇರೆ ಹಾದಿ ಹಿಡಿದರು. "ಮೂರನೇ ಕಡೆ ಬೇಲಿ ಮುರ್ಕೊಂಡು ಹೋಗಿರ್ಬೋದು."

"ಮುರಿದಿದ್ರೆ ಮುರಿದಿರೋ ಜಾಗ ತೋರ್ಸಿ. ಅಲ್ಲೀತಂಕ ಒಬ್ಬಳೂ ಹೋಗೋಹಾಗಿಲ್ಲ."

"ತೋರಿಸ್ತೀನಿ!" ಎಂದು ಜೀಪಿನ ಕೀಲಿ ಕಿತ್ತುಕೊಂಡು ಹೊರಟರು. "ಜೀಪಿಂದ ಕೆಳಗೆ ಇಳೀಬೇಡಿ," ಎಂದು ಕೂಗಿದೆ. ಕೇಳಿಸಿತೋ ಇಲ್ಲವೋ. ಕುಳಿತಿದ್ದ ಹೆಂಗಸರು ಈಗ ನಗುತ್ತಿರಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು. ನಾನು ತಪ್ಪಾಗಿದ್ದರೆ ನಾಳೆಯಿಂದ ನನ್ನ ಮಾತು ಯಾರೂ ಕೇಳುವುದಿಲ್ಲ, ಆಮೇಲೆ ಒಂದು ದಿನ ಇವರಲ್ಲಿ ಯಾರೋ ಸಾಯುತ್ತಾರೆ. ಅಷ್ಟು ಮಾತ್ರ ಯೋಚಿಸಿದೆ.

ಜೀಪು ಹಿಂದುಹಿಂದಕ್ಕೇ ಬಂತು. ಕೆರೆ ಬ್ಲಾಕಿನಿಂದ ಆಫೀಸಿನವರೆಗೆ, ಇಡೀ ದಾರಿ, ರಿವರ್ಸಿನಲ್ಲಿ. ಒಂದು ಬದಿಯ ಕನ್ನಡಿ ನೆರಳಿಗೆ ನೆಟ್ಟ ಸಿಲ್ವರ್ ಮರಕ್ಕೆ ತಾಗಿ ಮಡಚಿಕೊಂಡಿತ್ತು. ರೈಟರು ಇಳಿದರು, ಮೆಟ್ಟಿಲ ಮೇಲೆ ಕುಳಿತರು, ನೀರು ಕೇಳಿದರು.

ನೀರು ಕುಡಿದ ಮೇಲೆ ಹೇಳಿದರು: ಬೇಲಿ ಎಲ್ಲೂ ಮುರಿದಿರಲಿಲ್ಲ. ಕೆರೆ ಏರಿಯ ಕೆಳಗೆ, ನಿನ್ನೆ ಕುಯ್ಲು ನಿಲ್ಲಿಸಿದ ಸಾಲಿನಲ್ಲೇ, ಒಂಟಿ ಗಂಡಾನೆ ನಿಂತಿತ್ತು. ಗಿಡಗಳ ಮಧ್ಯೆ ಬೆನ್ನು ಬಂಡೆಯ ಹಾಗೆ ಕಂಡಿತ್ತಂತೆ. ಬಂಡೆ ಕಿವಿ ಬೀಸಿದಾಗಲೇ ಗೊತ್ತಾದದ್ದು.

ಹೆಂಗಸರು ಅವತ್ತು ಕುಯ್ಯಬೇಕಿದ್ದ ಸಾಲು ಅದೇ. ಆಮೇಲೆ ಕಿಟಕಿಯಿಂದ ಕೂಗಿದ್ದವಳೇ ಒಳಗೆ ಬಂದು ನನ್ನ ಬಾತ ಬೆರಳು ಹಿಡಿದಳು. "ಪಾಟೀ, ನಮ್ಗೂ ಆ ಗುಂಡಿ ತೋರ್ಸು." ತೋರಿಸಿದೆ. ಅವಳ ಹಿಂದೆ ಉಳಿದವರೂ ನುಗ್ಗಿದರು. ಒಬ್ಬೊಬ್ಬರೂ ಮೌಸ್ ಹಿಡಿದು, ಚಕ್ರ ತಿರುಗಿಸಿ, ಐದು ಒಳಗೆ ಬಂದದ್ದನ್ನೂ ನಾಲ್ಕು ಹೋದದ್ದನ್ನೂ ತಾವೇ ಎಣಿಸಿದರು. ಪ್ರತಿ ಸಲವೂ ಗದ್ದಲ, ಗೆದ್ದವರ ಹಾಗೆ. ಆ ದಿನ ಅವರನ್ನು ಮೇಲಿನ ಬ್ಲಾಕಿಗೆ ಕಳಿಸಿದೆವು.

ಮರುದಿನ ಆರೂಕಾಲಿಗೇ ರೈಟರು ಆಫೀಸಿನ ಬಾಗಿಲಲ್ಲಿ ನಿಂತಿದ್ದರು. "ಅಜ್ಜೀ, ಕೆರೆ ಬ್ಲಾಕಿಗೆ ಬಿಡ್ಲಾ?"

"ಇನ್ನೊಂದು ಸಲ ನೋಡ್ತೀನಿ. ನಿಲ್ಲಿ."

ನಿಂತರು. ಇವತ್ತಿಗೂ ನಾನು ಹೇಳುವವರೆಗೆ ನಿಲ್ಲುತ್ತಾರೆ.