ಕೈಯಿಂದ ತಿರುಗಿಸುವ ಲೆನ್ಸು

ಗೋಕಾಕದ ಬಸ್ ನಿಲ್ದಾಣದ ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದ ಕಾಕಾ ತಮ್ಮ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ರಷ್ಯಾದ ಹಳೆಯ ಲೆನ್ಸು ಹಾಕುತ್ತಿದ್ದರು. ಅದು ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಿಂದಲೇ ತಿರುಗಿಸಬೇಕು. ಎದುರು ಕುಳಿತವರು ಚಡಪಡಿಸಿದರೆ, "ತಡೀರಿ, ಇನ್ನೂ ಬಂದಿಲ್ಲ" ಎನ್ನುತ್ತಿದ್ದರು.

ತುಟಿಯ ಸುತ್ತ ಬಿಳಿ ಮಚ್ಚೆ ಕಾಣಿಸಿಕೊಂಡ ಮೇಲೆ ನನ್ನ ತಂಗಿ ಫೋಟೋ ತೆಗೆಸಿಕೊಳ್ಳುವುದನ್ನೇ ಬಿಟ್ಟಿದ್ದಳು. ನೌಕರಿಯ ಅರ್ಜಿಗೆ ಬೇಕೇ ಬೇಕಾದಾಗ ನಮ್ಮೂರು ಕುಲಗೋಡದಿಂದ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕುಳಿತರೂ ಅವಳು ಬಾಯಿಯ ಮೇಲಿನ ಓಢಣಿ ಸರಿಸಲಿಲ್ಲ. ಸರಿಸೆಂದು ಕಾಕಾನೂ ಹೇಳಲಿಲ್ಲ. ಲೆನ್ಸಿನ ರಿಂಗನ್ನು ಕೂದಲೆಳೆಯಷ್ಟು ಆಚೆ, ಈಚೆ ತಿರುಗಿಸುತ್ತಲೇ ಇದ್ದರು.

"ತಡಿಯವಾ, ಇನ್ನೂ ಬಂದಿಲ್ಲ."

"ಯಾರ ಬರಬೇಕ್ರಿ ಕಾಕಾ?" ಬೇಸತ್ತು ಕೇಳಿದಳು.

"ನೀನ ಬರಬೇಕಲ್ಲವಾ."

ಅವಳಿಗೆ ನಗು ತಡೆಯಲಾಗಲಿಲ್ಲ. ಓಢಣಿ ಜಾರಿತು, ಕಾಕಾ ಗುಂಡಿ ಒತ್ತಿದರು.

ಫೋಟೋ ತೋರಿಸಿ ಮೆಲ್ಲಗೆ ಕೇಳಿದರು: "ಕಂಪ್ಯೂಟರಿನ್ಯಾಗ ಮಚ್ಚಿ ತಗೀಲೇನವಾ?"

ಅವಳು ಬಹಳ ಹೊತ್ತು ನೋಡಿದಳು. "ಬ್ಯಾಡ್ರಿ. ಇದು ನಂದ ಮಾರಿ, ಇರ್ಲಿ ಬಿಡ್ರಿ."

ಅರ್ಜಿಗೆಂದು ಗಂಭೀರವಾದ ಇನ್ನೊಂದನ್ನು ತೆಗೆಸಿಕೊಂಡೆವು. ನಗುವ ಫೋಟೋವನ್ನು ಮಾತ್ರ ಊರಿನ ಬಸ್ಸು ಬರುವುದರೊಳಗೆ ಅವಳು ಗೆಳತಿಯರಿಗೆಲ್ಲ ಕಳಿಸಿದ್ದಳು.