ಹತ್ತನೆಯವನಾಗಿ ನಿಂತದ್ದು

ರೂಬೆನ್ ಅವರೇ, ನನ್ನ ಅಜ್ಜಿ ಯೆಹೂದಿಯಲ್ಲ. ಕೊಚ್ಚಿಯನ್ನು ಅವರು ಕಂಡವರೂ ಅಲ್ಲ. ನಿಮ್ಮ ಹೆಂಡತಿಗಾಗಿ ನೀವು ಪ್ರಾರ್ಥಿಸಿದಾಗ ನಾನು ನಿಮ್ಮವನಂತೆ ಪಕ್ಕದಲ್ಲಿ ನಿಂತದ್ದು ಸುಳ್ಳು.

ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮೊಡನೆ ಆಡಿದ್ದು ಗೈಡಿನ ಹಿಂದಿ — ಅದು ಬಾಯಿಗೆ ಬಂದ ಕೂಡಲೇ ಮುಖ ತಾನಾಗಿ ನಗುತ್ತದೆ.

ಇಸ್ರೇಲಿನಿಂದ ಬಂದ ನಿಮ್ಮ ಗುಂಪಿಗೆ ನಾನು ಒಂದು ವಾರದ ಗೈಡ್. ಮೊದಲ ಸಂಜೆ ಬೆಳ್ತಂಗಡಿಯಲ್ಲಿ ನೀವೆಲ್ಲ ಊಟದ ಮೇಜಿನ ಸುತ್ತ ಹಾಡುತ್ತಿದ್ದಿರಿ. ನಾನು ಬಾಗಿಲ ಬಳಿ ನಿಂತಿದ್ದೆ. ಮುಂಬಯಿಯಲ್ಲಿ ಹುಟ್ಟಿದ ನೀವು ಹಿಂದಿಯಲ್ಲಿ ನನ್ನ ಮನೆತನ ಕೇಳಿದಿರಿ. "ಅಮ್ಮನ ಅಮ್ಮ ಕೊಚ್ಚಿಯ ಯೆಹೂದಿ" ಎಂದೆ. ಯಾಕೆ — ಒಳಗೆ ಬರಬೇಕೆನಿಸಿತ್ತು, ಅಷ್ಟೇ ಇರಬಹುದು. ಬೇರೆ ಯಾರಾದರೂ ಆಗಿದ್ದರೆ ಅಪ್ಪನ ಕಡೆಯ ಮುತ್ತಜ್ಜನನ್ನು ಎಳೆದು ತರುತ್ತಿದ್ದರು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆದರೆ ನಾನು ಬಂಟರ ಜಾತಿಯವನು. ನಮ್ಮಲ್ಲಿ ತಾಯಿಯ ಬಳಿಯೇ, ಅಂದರೆ ಗೋತ್ರವೇ, ಮಕ್ಕಳ ಬಳಿ; ಕುಲ ಹರಿಯುವುದು ಹೆಂಗಸರಿಂದ. ಆ ಅಭ್ಯಾಸದಲ್ಲೇ ಸುಳ್ಳು ಹೇಳಿದೆ. ನಿಮ್ಮಲ್ಲೂ ಹಾಗೆಯೇ ಎಂದು ಗೊತ್ತಿರಲಿಲ್ಲ. "ಹಾಗಾದರೆ ನೀನು ಪೂರ್ತಿ ನಮ್ಮವನೇ" ಎಂದು ನನ್ನ ಕೆನ್ನೆ ಹಿಡಿದಿರಿ. ಮೇಜಿನಲ್ಲಿ ಜಾಗವಾಯಿತು.

ಕೊನೆಯ ದಿನ. ಮೂಡುಬಿದಿರೆಯ ಬಸದಿ ನೋಡಿ, ಸಿದ್ಧಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಬರುತ್ತಿದ್ದೆವು. ಅಂದು ನಿಮ್ಮ ಹೆಂಡತಿ ಫ್ಲೋರಾ ಅವರ ವಾರ್ಷಿಕ ತಿಥಿ. ಸೂರ್ಯ ಮುಳುಗುವುದರೊಳಗೆ ಅವರ ಹೆಸರಿನ ಪ್ರಾರ್ಥನೆ ಆಗಬೇಕು, ಅದಕ್ಕೆ ನಿಮ್ಮ ಕುಲದ ಹತ್ತು ಗಂಡಸರು ಬೇಕು. ಬಸ್ಸಿನಲ್ಲಿದ್ದದ್ದು ಒಂಬತ್ತು ಜನ. ಹತ್ತನೆಯವರು ಹೊಟ್ಟೆ ಕೆಟ್ಟು ಮಂಗಳೂರಿನ ಹೋಟೆಲಿನಲ್ಲಿ ಮಲಗಿದ್ದರು. ನೀವು ನನ್ನ ಕಡೆ ತಿರುಗಿದಿರಿ. ಎಲ್ಲರೂ ತಿರುಗಿದರು.

"ಬೇಟಾ, ಅಮ್ಮನ ಅಮ್ಮ — ಖಂಡಿತ ತಾನೆ?"

"ಹೌದು."

ಬಸ್ಸನ್ನು ಬದಿಗೆ ಹಾಕಿ ಚಾಲಕ ಹಂಝ ನನ್ನತ್ತ ಬಗ್ಗಿದ. ನಿಮಗೆ ನಮ್ಮ ಮಾತು ತಿಳಿಯುತ್ತಿರಲಿಲ್ಲ.

"ಅಲ್ಲ ಮಾರಾಯ, ನಿನ್ನ ಅಜ್ಜಿ ಮನೆ ಇಲ್ಲೇ ಮುಂದೆ ಉಂಟಲ್ವಾ? ಕೊಚ್ಚಿಗೆ ಯಾವಾಗ ಸಾಗಿಸಿದ್ದು?"

"ಸುಮ್ನಿರು ಹಂಝ."

"ತಮಾಷೆ ಅಲ್ಲ. ಸತ್ತವರ ವಿಷಯ ಇದು. ಈಗ ಬಿಟ್ರೆ ಬೆಳಕು ಇರುವಾಗಲೇ ಮಂಗಳೂರು ಮುಟ್ಟಿಸ್ತೇನೆ. ಅಲ್ಲಿ ಹೋಟೆಲಿನಲ್ಲಿ ಅವರ ಹತ್ತನೆಯವರು ಇದ್ದಾರಲ್ಲ. ಇಲ್ಲ ಅಂತ ಹೇಳು ಮಾರಾಯ, ಒಂದು ಮಾತು."

ಸಮಯವಿತ್ತು. ಇದೊಂದು ಮಾತ್ರ ನನಗೆ ಖಚಿತ, ಉಳಿದದ್ದನ್ನು ನಂಬಬೇಡಿ. ಬಿಸಿಲು ನೇರ ಕಣ್ಣಿಗೆ ಹೊಡೆದು ತಲೆ ಸುತ್ತಿತು ಎಂದು ಬರೆಯಹೊರಟೆ — ಮೋಡವೂ ಇದ್ದಿರಬಹುದು. ನನ್ನ ನೆನಪು ನನ್ನ ಪರವಾಗಿಯೇ ವಾದಿಸುತ್ತದೆ.

ಗೇರುಮರದ ಕೆಳಗೆ ಪಶ್ಚಿಮಕ್ಕೆ ಮುಖಮಾಡಿ ನಿಂತೆವು. ಯಾರೋ ನನ್ನ ತಲೆಗೆ ಟೋಪಿ ಇಟ್ಟರು. ಎಡಕ್ಕೆ ನಿಮ್ಮ ಭುಜ, ಬಲಕ್ಕೆ ಇನ್ನೊಂದು ಭುಜ, ಹಿಂದೆ ಉಸಿರು — ಹಿಂದೆ ಸರಿಯಲು ಒಂದು ಹೆಜ್ಜೆಯ ಎಡೆ ಇರಲಿಲ್ಲ. ಅಥವಾ ಇತ್ತು, ನಾನು... ನೀವು ಓದುತ್ತಾ ಒಮ್ಮೆ ತಡವರಿಸಿದಿರಿ, ನನ್ನ ಮೊಣಕೈ ಹಿಡಿದುಕೊಂಡಿರಿ. ಎಲ್ಲರೂ ಆಮೆನ್ ಎಂದಾಗ ನಾನೂ ಎಂದೆ. ಜೋರಾಗಿಯೇ.

ಹಂಝ ನನ್ನತ್ತ ತಿರುಗದೆ ಬಸ್ಸನ್ನು ಮಂಗಳೂರಿಗೆ ಓಡಿಸಿದ.

ಅಂದಿನಿಂದ ಪ್ರತಿ ವರ್ಷ ನಿಮ್ಮ ಧ್ವನಿ ಬರುತ್ತದೆ, ಮೊಬೈಲಿನಲ್ಲಿ: "ನೀನಿಲ್ಲದಿದ್ದರೆ ನನ್ನ ಫ್ಲೋರಾಳಿಗೆ ಆ ವರ್ಷ ಪ್ರಾರ್ಥನೆಯೇ ಇರುತ್ತಿರಲಿಲ್ಲ." ಪ್ರತಿ ವರ್ಷ ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ಕಳೆದ ವಾರ ಬಂದದ್ದು ಬೇರೆ. ನಿಮ್ಮ ಪ್ರಾರ್ಥನಾಮಂದಿರದಲ್ಲಿ ಫ್ಲೋರಾ ಅವರ ಹೆಸರಿನ ಫಲಕ ಹಾಕಿಸುತ್ತೀರಂತೆ. ಪಕ್ಕದಲ್ಲಿ ನನ್ನ ಅಜ್ಜಿಯದೂ ಇರಲಿ, ಹೆಸರು ಕಳಿಸು ಎಂದಿದ್ದೀರಿ. ಎಸ್ತೇರ್ ಎಂದು ಒಂದು ಯೆಹೂದಿ ಹೆಸರು ಬರೆದು ಅಳಿಸಿದೆ. ಮತ್ತೆ ಬರೆದೆ — ಹೌದು, ಎರಡನೆಯ ಸಲವೂ.

ಅವರ ಹೆಸರು ಲಚ್ಚಮ್ಮ ಶೆಡ್ತಿ. ಅದನ್ನು ಕಲ್ಲಿನಲ್ಲಿ ಕೊರೆಸಬೇಡಿ.

ಇಂದು ಇದನ್ನೇ ಹಿಂದಿಯಲ್ಲಿ ಓದಿ ಕಳಿಸುತ್ತೇನೆ, ಒಂದು ಮಾತನ್ನೂ ಮೃದು ಮಾಡದೆ. ನಿಮ್ಮ ಆ ದಿನದ ಪ್ರಾರ್ಥನೆ ಸಂದಿತೇ ಇಲ್ಲವೇ ನನಗೆ ಗೊತ್ತಿಲ್ಲ. ನಿಮ್ಮ ಹಿರಿಯರನ್ನು ಕೇಳಿ. ಅವರು ಏನೆಂದರೂ, ನನ್ನನ್ನು ಸಮಾಧಾನ ಮಾಡಲು ನೀವು ಫೋನ್ ಮಾಡಬಾರದು.